ಮಿಂಟಾ, ಉಬುಂಟುನಾ, ಫೆಡೋರಾನಾ: ಲಿನಕ್ಸ್‌ಗೆ ಹೊಸಬರು ಯಾವುದು ಹಾಕ್ಕೊಳ್ಳೋದು, ಹೇಗೆ ಹಾಕ್ಕೊಳ್ಳೋದು

"ಲಿನಕ್ಸ್ ಹಾಕ್ಕೋಬೇಕು ಅಂದ್ಕೊಂಡಿದೀನಿ, ಯಾವುದು ಹಾಕ್ಲಿ" ಅಂತ ಕೇಳೋರು ಈಗೀಗ ಜಾಸ್ತಿ ಆಗಿದಾರೆ (ಲಿನಕ್ಸ್ ಅಂದ್ರೆ ವಿಂಡೋಸ್ ಜಾಗದಲ್ಲಿ ಕೂರೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್). ಕಾರಣ ಗೊತ್ತಿರೋದೇ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ನಿಲ್ಲಿಸ್ತು, ವಿಂಡೋಸ್ 11 ಹಾಕೋಣ ಅಂದ್ರೆ ಅದು ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್ ಮೇಲಿನ ಪ್ರೊಸೆಸರೇ ಬೇಕು ಅಂತ ಹಠ ಹಿಡಿಯತ್ತೆ, ಇತ್ತ ಚೆನ್ನಾಗೇ ಓಡ್ತಿರೋ ಲ್ಯಾಪ್‌ಟಾಪ್‌ನ ಮೂಲೆಗೆ ಹಾಕೋಕೂ ಮನಸ್ಸು ಬರಲ್ಲ. ಸರಿ ಅಂತ ಹುಡುಕೋಕೆ ಹೋದ್ರೆ ನೂರಾರು ಡಿಸ್ಟ್ರೋ (ಲಿನಕ್ಸ್‌ನ ಬೇರೆ ಬೇರೆ ರೂಪಗಳು), ಒಬ್ಬ ಮಿಂಟ್ ಅಂತಾನೆ, ಇನ್ನೊಬ್ಬ ಫೆಡೋರಾ ಬಿಟ್ರೆ ಬೇರೆ ಇಲ್ಲ ಅಂತಾನೆ, ಮೂರನೇಯವನು ಬಂದು ಆರ್ಚ್ ಹಾಕ್ದಿದ್ರೆ ನೀನು ಏನೂ ಕಲಿಯಲ್ಲ ಅಂತ ಹೆದರಿಸ್ತಾನೆ.

ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಗಂಟು ಹಾಕ್ಕೊಂಡಿವೆ. ಯಾವ ಡಿಸ್ಟ್ರೋ ಅನ್ನೋದು ಒಂದು, ಅದನ್ನ ಮೆಷಿನ್ ಮೇಲೆ ಯಾವ ರೀತಿ ಕೂರಿಸ್ತೀರಿ ಅನ್ನೋದು ಇನ್ನೊಂದು. ಜನ ಮೊದಲನೇದಕ್ಕೆ ವಾರಗಟ್ಟಲೆ ತಲೆ ಕೆಡಿಸ್ಕೊಂಡು ಎರಡನೇದನ್ನ ಐದು ನಿಮಿಷದಲ್ಲಿ ಮುಗಿಸ್ತಾರೆ. ಫೈಲ್ ಹೋಗೋದು, ವಿಂಡೋಸ್ ಬೂಟ್ ಆಗದೇ (ಶುರುವಾಗದೇ) ಇರೋದು, ಎಲ್ಲಾ ಆಗೋದು ಆ ಐದು ನಿಮಿಷದಲ್ಲಿ. ಡಿಸ್ಟ್ರೋ ಆಯ್ಕೆ ತಪ್ಪಾದ್ರೆ ಇನ್ನೊಂದು ಹಾಕ್ಕೋಬಹುದು, ತಪ್ಪು ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಅಳಿಸಿದ್ರೆ ಫೋಟೋ ವಾಪಸ್ ಬರಲ್ಲ. ಅದಕ್ಕೇ ನಾನು ಎರಡನೇದನ್ನೇ ಮೊದಲು ತಗೋತೀನಿ.

ಅದಕ್ಕೂ ಮುಂಚೆ, ಹೋಗಲೇಬೇಕಾ?

ಲಿನಕ್ಸ್ ಎಲ್ಲರಿಗೂ ಬೇಕೇ ಬೇಕು ಅಂತೇನಿಲ್ಲ. ಫೋಟೋಶಾಪ್, ಪ್ರೀಮಿಯರ್, ಆಟೋಕ್ಯಾಡ್ ಇವು ನಿಮ್ಮ ಹೊಟ್ಟೆಪಾಡು ಅಂದ್ರೆ ಲಿನಕ್ಸ್‌ನಲ್ಲಿ ಇವು ಇಲ್ಲ, ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನ ಲಿನಕ್ಸ್‌ನಲ್ಲಿ ಓಡಿಸೋ ಸಾಧನ) ಹಾಕಿ ಓಡಿಸ್ತೀನಿ ಅಂತ ಹೊರಡೋದು ಹೊಸಬರ ಕೆಲಸ ಅಲ್ಲ. ಎಕ್ಸೆಲ್‌ನಲ್ಲಿ ದೊಡ್ಡ ದೊಡ್ಡ ಮ್ಯಾಕ್ರೋ ಬರೆದಿಟ್ಕೊಂಡಿರೋರಿಗೂ ಲಿಬ್ರೆಆಫೀಸ್ (ಪುಕ್ಕಟೆ ಆಫೀಸ್ ಪ್ರೋಗ್ರಾಂ) ಅರ್ಧ ದಾರಿಯಲ್ಲಿ ಕೈ ಕೊಡತ್ತೆ, ಸಾದಾ ಪತ್ರ ಲೆಕ್ಕಕ್ಕೆ ಮಾತ್ರ ಧಾರಾಳವಾಗಿ ಸಾಕು, ಜೊತೆಗೆ ಮೈಕ್ರೋಸಾಫ್ಟ್ ಆಫೀಸ್‌ನ ವೆಬ್ ಆವೃತ್ತಿ ಬ್ರೌಸರ್‌ನಲ್ಲಿ ಹೇಗೂ ಓಡತ್ತೆ. ಗೇಮ್ ವಿಷಯ 2018ರಲ್ಲಿ ಸ್ಟೀಮ್ ಅನ್ನೋ ಗೇಮ್ ಅಂಗಡಿಗೆ ವಿಂಡೋಸ್ ಗೇಮ್‌ಗಳನ್ನ ಲಿನಕ್ಸ್‌ನಲ್ಲಿ ಓಡಿಸೋ ಪ್ರೋಟಾನ್ ಬಂದ್ಮೇಲೆ ತುಂಬಾ ಬದಲಾಗಿದೆ, ಒಬ್ಬರೇ ಆಡೋ ಗೇಮ್‌ಗಳಲ್ಲಿ ಬಹಳಷ್ಟು ಓಡ್ತವೆ, ಆದ್ರೆ ವ್ಯಾಲೊರಂಟ್, ಫೋರ್ಟ್‌ನೈಟ್ ಥರದವು ಅವುಗಳ ಆಂಟಿಚೀಟ್‌ನಿಂದಾಗಿ (ಮೋಸದಾಟ ತಡೆಯೋ ಸಾಫ್ಟ್‌ವೇರ್) ಓಡಲ್ಲ. ಆನ್‌ಲೈನ್ ಪರೀಕ್ಷೆಗೆ ಕಣ್ಣಿಡೋ ಸಾಫ್ಟ್‌ವೇರ್‌ಗಳೂ ಸಾಮಾನ್ಯವಾಗಿ ವಿಂಡೋಸ್, ಮ್ಯಾಕ್‌ಗೇ ಸೀಮಿತ, ಸ್ಟೂಡೆಂಟ್ಸ್ ಇದನ್ನ ಮೊದಲೇ ವಿಚಾರಿಸ್ಕೊಳ್ಳಿ.

ಹಾಗಾಗಿ ನನ್ನ ಮೊದಲ ಸಲಹೆ ಡಿಸ್ಟ್ರೋ ಬಗ್ಗೆ ಅಲ್ಲವೇ ಅಲ್ಲ. ಈಗಿರೋ ವಿಂಡೋಸ್ ಮೇಲೇ ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ, ಜಿಂಪ್ (ಫೋಟೋ ತಿದ್ದೋ ಪ್ರೋಗ್ರಾಂ) ಹಾಕ್ಕೊಂಡು ಕೆಲವು ವಾರ ಅವುಗಳಲ್ಲೇ ಕೆಲಸ ಮಾಡಿ. ಇವೇ ಪ್ರೋಗ್ರಾಂಗಳು ನಾಳೆ ಲಿನಕ್ಸ್‌ನಲ್ಲೂ ಸಿಗೋದು. ಇವುಗಳ ಜೊತೆ ಹೊಂದ್ಕೊಂಡ್ರೆ ಅರ್ಧ ದಾರಿ ಮುಗೀತು, ಹೊಂದ್ಕೊಳ್ಳೋಕೇ ಆಗ್ಲಿಲ್ಲ ಅಂದ್ರೆ ಏನೂ ಅಳಿಸದೇನೇ ಉತ್ತರ ಸಿಕ್ಕಂಗಾಯ್ತು.

ಯಾವ ಅಳತೆ ಇಟ್ಕೊಂಡು ನೋಡ್ಬೇಕು

ಚಂದ ಕಾಣತ್ತೆ ಅನ್ನೋದನ್ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ, ಥೀಮ್ ಬದಲಾಯಿಸೋದು ಹತ್ತು ನಿಮಿಷದ ಕೆಲಸ. ನಾನು ನೋಡೋದು ಇವನ್ನ. ಹಾಕಿದ ತಕ್ಷಣ ವೈಫೈ, ಸೌಂಡ್, ಗ್ರಾಫಿಕ್ಸ್ ಕೆಲಸ ಮಾಡತ್ತಾ, ಇಲ್ಲಾಂದ್ರೆ ಅದನ್ನ ಸರಿ ಮಾಡೋಕೆ ಮೌಸ್ ಸಾಕಾ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ಬೇಕಾ. ಸಿಕ್ಕಿಹಾಕ್ಕೊಂಡಾಗ ಹುಡುಕಿದ್ರೆ ಸಿಗೋ ಉತ್ತರ ನಿಮ್ಮ ಆವೃತ್ತಿಗೆ ಹೊಂದತ್ತಾ. ಎಷ್ಟು ದಿನಕ್ಕೊಮ್ಮೆ ದೊಡ್ಡ ಅಪ್‌ಗ್ರೇಡ್ ಮಾಡ್ಬೇಕು. ಏನಾದ್ರೂ ಕೆಟ್ಟರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗೋ ದಾರಿ ಇದ್ಯಾ. ನಿಮ್ಮ ರ‍್ಯಾಮ್‌ಗೆ ಅದು ಭಾರ ಆಗತ್ತಾ.

ಇದ್ರಲ್ಲಿ ಎರಡನೇದಕ್ಕೆ ಜನ ಬೆಲೆ ಕೊಡಲ್ಲ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ಹೊಸಬರು ಲಿನಕ್ಸ್ ಬಿಟ್ಟು ಓಡೋದು ಅದು ಕೆಟ್ಟದು ಅಂತ ಅಲ್ಲ, ರಾತ್ರಿ ಹನ್ನೊಂದು ಗಂಟೆಗೆ ಸೌಂಡ್ ಬರ್ತಿಲ್ಲ, ಹುಡುಕಿದ್ರೆ ಹತ್ತು ವರ್ಷ ಹಳೇ ಉತ್ತರ ಬರ್ತಿದೆ, ಅದ್ರಲ್ಲಿ ಹೇಳಿರೋ ಫೈಲೇ ನಿಮ್ಮ ಮೆಷಿನ್‌ನಲ್ಲಿ ಇಲ್ಲ, ಆ ಹತಾಶೆಗೆ.

ಹಾಕೋ ದಾರಿಗಳು

ಎಲ್ಲಕ್ಕಿಂತ ಸಲೀಸು ಲೈವ್ ಯುಎಸ್‌ಬಿ, ಅಂದ್ರೆ ಲಿನಕ್ಸ್‌ನ ಪೆನ್‌ಡ್ರೈವ್‌ನಿಂದಲೇ ಓಡಿಸೋದು. 8 ಜಿಬಿ ಪೆನ್‌ಡ್ರೈವ್ ಒಂದಿದ್ರೆ ಸಾಕು, ಐಎಸ್‌ಒ (ಡಿಸ್ಟ್ರೋದ ಇನ್‌ಸ್ಟಾಲ್ ಫೈಲ್) ಇಳಿಸ್ಕೊಂಡು ರೂಫಸ್ ಇಲ್ಲಾ ಬಲೇನಾ ಎಚರ್ ಅನ್ನೋ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೀರಿ (ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲಾ ಅಳಿಸಿಹೋಗತ್ತೆ, ಮೊದಲೇ ತೆಗೆದಿಟ್ಕೊಳ್ಳಿ). ಒಂದೇ ಪೆನ್‌ಡ್ರೈವ್‌ನಲ್ಲಿ ಮೂರ್ನಾಕು ಡಿಸ್ಟ್ರೋ ನೋಡ್ಬೇಕು ಅನ್ನೋರಿಗೆ ವೆಂಟಾಯ್ ಇದೆ, ಒಂದ್ಸಲ ಹಾಕಿದ್ರೆ ಆಮೇಲೆ ಐಎಸ್‌ಒ ಫೈಲ್‌ಗಳನ್ನ ಸುಮ್ನೆ ಕಾಪಿ ಮಾಡ್ತಾ ಹೋಗೋದು. ಮೆಷಿನ್ ಆನ್ ಆಗೋವಾಗ ಎಫ್ 12, ಎಫ್ 9, ಎಫ್ 2, ಎಸ್ಕೇಪ್, ಡಿಲೀಟ್, ಇವುಗಳಲ್ಲಿ ಯಾವುದೋ ಒಂದು ಒತ್ತಿದ್ರೆ ಬೂಟ್ ಮೆನು ಇಲ್ಲಾ ಬಯಾಸ್ (ಮೆಷಿನ್‌ನ ಮೂಲ ಸೆಟ್ಟಿಂಗ್ ಪುಟ) ಬರತ್ತೆ, ಕಂಪನಿಗೊಂದು ಥರ. ಅಲ್ಲಿ ಪೆನ್‌ಡ್ರೈವ್ ಆರಿಸಿ ಹೀಗೆ ಓಡಿಸಿದ್ರೆ ಹಾರ್ಡ್ ಡಿಸ್ಕ್ ಮುಟ್ಟೋದೇ ಇಲ್ಲ. ಸ್ವಲ್ಪ ನಿಧಾನ, ರೀಸ್ಟಾರ್ಟ್ ಮಾಡಿದ್ರೆ ಮಾಡಿದ್ದೆಲ್ಲಾ ಮರ್ತೋಗತ್ತೆ, ಅದು ಬಿಟ್ರೆ ಇದೇ ನಿಜವಾದ ಪರೀಕ್ಷೆ. ಡೆಸ್ಕ್‌ಟಾಪ್ ನೋಡಿ ವಾಹ್ ಅಂದು ಮುಚ್ಚಿಡ್ಬೇಡಿ, ವೈಫೈ ಕನೆಕ್ಟ್ ಮಾಡಿ, ಒಂದು ವಿಡಿಯೋ ಓಡಿಸಿ, ಬ್ಲೂಟೂತ್ ಇಯರ್‌ಫೋನ್ ಹಾಕಿ, ಕ್ಯಾಮೆರಾ ನೋಡಿ, ಬ್ರೈಟ್‌ನೆಸ್ ಕೀ ಒತ್ತಿ ನೋಡಿ, ಮುಖ್ಯವಾಗಿ ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆಗೀರಿ, ನಿದ್ದೆಯಿಂದ ಏಳದೇ ಇರೋ ಲ್ಯಾಪ್‌ಟಾಪ್ ದಿನಾ ತಲೆನೋವು.

ವರ್ಚುವಲ್ ಬಾಕ್ಸ್ ದಾರಿ ಬೇರೆ ಥರ. ವಿಂಡೋಸ್ ಒಳಗೇ ಒಂದು ಕಿಟಕಿಯಲ್ಲಿ ಲಿನಕ್ಸ್ ಓಡತ್ತೆ, ಹಾಳು ಮಾಡಿದ್ರೂ ಅಳಿಸಿ ಮತ್ತೆ ಹಾಕಿದ್ರಾಯ್ತು, ಇನ್‌ಸ್ಟಾಲ್ ಮಾಡೋ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ, ಪಾರ್ಟಿಷನ್ ಪುಟ ಕಂಡ್ರೆ ಭಯ ಇರೋರು ಇಲ್ಲಿ ನಾಲ್ಕು ಸಲ ಮಾಡಿ ನೋಡ್ಲಿ. ಆದ್ರೆ ಮೆಷಿನ್‌ನಲ್ಲಿ ಕನಿಷ್ಠ 8 ಜಿಬಿ ರ‍್ಯಾಮ್ ಇರ್ಬೇಕು, ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಆಗಿರ್ಬೇಕು, ಮತ್ತೆ ಅಲ್ಲಿ ಕಾಣೋ ಹಾರ್ಡ್‌ವೇರ್ ಎಲ್ಲಾ ನಕಲಿ, ಹಾಗಾಗಿ ನಿಮ್ಮ ವೈಫೈ ಕಾರ್ಡ್ ಕೆಲಸ ಮಾಡತ್ತಾ ಅನ್ನೋದು ಗೊತ್ತಾಗಲ್ಲ. ಅದ್ರಲ್ಲಿ ನಿಧಾನ ಅನ್ನಿಸ್ತು ಅಂತ ಲಿನಕ್ಸೇ ನಿಧಾನ ಅಂತ ತೀರ್ಮಾನ ಮಾಡೋದೂ ತಪ್ಪು.

ಬರೀ ಕಮಾಂಡ್ ಕಲಿಯೋಕೆ, ಕಾಲೇಜಿನ ಪ್ರೋಗ್ರಾಮಿಂಗ್ ಕೆಲಸಕ್ಕೆ ಬೇಕು ಅನ್ನೋರಿಗೆ ಇಷ್ಟೆಲ್ಲಾ ಬೇಡ. ವಿಂಡೋಸ್‌ನಲ್ಲೇ ಡಬ್ಲ್ಯುಎಸ್‌ಎಲ್ ಅಂತ ಇದೆ, ಪವರ್‌ಶೆಲ್ ತೆಗೆದು ಒಂದು ಕಮಾಂಡ್ ಕೊಟ್ರೆ ಉಬುಂಟು ಬಂದು ಕೂರತ್ತೆ. ಡೆಸ್ಕ್‌ಟಾಪ್ ಬದಲಾಯಿಸೋ ಆಸೆ ಇರೋರಿಗೆ ಮಾತ್ರ ಇದು ಉಪಯೋಗಕ್ಕೆ ಬರಲ್ಲ.

ಡ್ಯುಯಲ್ ಬೂಟ್, ಅಂದ್ರೆ ಒಂದೇ ಡಿಸ್ಕ್‌ನಲ್ಲಿ ವಿಂಡೋಸೂ ಲಿನಕ್ಸೂ. ಎಲ್ಲರಿಗೂ ಮೊದಲು ಹೊಳೆಯೋದು ಇದೇ, ಯಾಕಂದ್ರೆ ಎರಡೂ ಇರತ್ತೆ ಅನ್ನೋ ಧೈರ್ಯ. ವಿಪರ್ಯಾಸ ಏನಂದ್ರೆ ಎಲ್ಲಕ್ಕಿಂತ ಗೋಜಲು ಇರೋದೂ ಇಲ್ಲೇ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕೋ ಬೀಗ) ಆನ್ ಆಗಿದ್ಯಾ ನೋಡ್ಬೇಕು, ಹೊಸ ವಿಂಡೋಸ್ 11 ಮೆಷಿನ್‌ಗಳಲ್ಲಿ ನಿಮಗೆ ಗೊತ್ತಿಲ್ದೇನೇ ಆನ್ ಆಗಿರತ್ತೆ, ಬೂಟ್ ವ್ಯವಸ್ಥೆ ಮುಟ್ಟಿದ ತಕ್ಷಣ 48 ಅಂಕಿಯ ರಿಕವರಿ ಕೀ ಕೇಳತ್ತೆ, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರತ್ತೆ, ಶುರು ಮಾಡೋ ಮುಂಚೆನೇ ಪೇಪರ್ ಮೇಲೆ ಬರ್ಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲಾಂದ್ರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೇ ಅರೆನಿದ್ದೆಯಲ್ಲಿ ಇರತ್ತೆ, ಆ ಡ್ರೈವ್‌ಗೆ ಲಿನಕ್ಸ್‌ನಿಂದ ಏನೂ ಬರೆಯೋಕೆ ಆಗಲ್ಲ. ಜಾಗ ಬಿಡಿಸೋದನ್ನ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ಅನ್ನೋ ಇಂಟೆಲ್‌ನದೇ ಮೋಡ್‌ನಲ್ಲಿ ಇರತ್ತೆ, ಆಗ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಲ್ಲ, ಅದನ್ನ ಬಯಾಸ್‌ನಲ್ಲಿ ಎಎಚ್‌ಸಿಐಗೆ ಬದಲಾಯಿಸ್ಬೇಕು, ಸುಮ್ನೆ ಬದಲಾಯಿಸಿದ್ರೆ ವಿಂಡೋಸ್ ಬೂಟ್ ಆಗಲ್ಲ, ಮೊದಲು ವಿಂಡೋಸ್‌ನ ಸೇಫ್ ಮೋಡ್‌ಗೆ ಬೂಟ್ ಆಗೋ ಥರ ಸೆಟ್ ಮಾಡಿ ಆಮೇಲೆ ಬಯಾಸ್‌ಗೆ ಹೋಗ್ಬೇಕು. ಇನ್ನು ಸಣ್ಣ ಇಎಫ್‌ಐ ಪಾರ್ಟಿಷನ್ ಒಂದು ಕಾಣತ್ತೆ, ಅದನ್ನ ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡ್ಬೇಡಿ, ಎರಡೂ ಸಿಸ್ಟಮ್ ಬೂಟ್ ಆಗೋದು ಅದ್ರಿಂದಾನೇ. ಎಲ್ಲಾ ಸರಿ ಹಾಕಿದ್ಮೇಲೂ ಅಪ್‌ಡೇಟ್ ಬಂದಾಗ ಕಿರಿಕ್ ಆಗೋದುಂಟು, 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ್ಮೇಲೆ ಬಹಳ ಡ್ಯುಯಲ್ ಬೂಟ್ ಮೆಷಿನ್‌ಗಳಲ್ಲಿ ಲಿನಕ್ಸ್ ಬೂಟ್ ಆಗೋದೇ ನಿಂತಿತ್ತು. ಗಡಿಯಾರ ಬೇರೆ ಹಿಂದೆ ಮುಂದೆ ಓಡತ್ತೆ, ವಿಂಡೋಸ್ ಮೆಷಿನ್‌ನ ಗಡಿಯಾರದಲ್ಲಿ ಸ್ಥಳೀಯ ಸಮಯ ಇಟ್ರೆ ಲಿನಕ್ಸ್ ಯುಟಿಸಿ (ಜಾಗತಿಕ ಮಾನಕ ಸಮಯ) ಇಡತ್ತೆ, ಒಂದು ಕಮಾಂಡ್‌ನಲ್ಲಿ ಸರಿ ಆಗತ್ತೆ, ಗೊತ್ತಿಲ್ದೋರು ಬಯಾಸ್ ಬ್ಯಾಟರಿ ಹೋಯ್ತು ಅಂತ ಬದಲಾಯಿಸ್ತಾರೆ.

ಇಷ್ಟೆಲ್ಲಾ ಓದಿ ಎದೆ ಡವಡವ ಅಂದ್ರೆ ಸ್ವಲ್ಪ ದುಡ್ಡು ಖರ್ಚು ಮಾಡಿ ಬೇರೆ ಎಸ್‌ಎಸ್‌ಡಿ ತಗೊಳ್ಳಿ, ನನ್ನ ಮಟ್ಟಿಗೆ ಎರಡೂ ಬೇಕು ಅನ್ನೋರಿಗೆ ಇದೇ ಸರಿಯಾದ ದಾರಿ. ಡೆಸ್ಕ್‌ಟಾಪ್ ಆದ್ರೆ ಒಳಗೆ ಎರಡನೇ ಡಿಸ್ಕ್, ಲ್ಯಾಪ್‌ಟಾಪ್‌ನಲ್ಲಿ ಜಾಗ ಇದ್ರೆ ಅಲ್ಲಿ, ಇಲ್ಲಾಂದ್ರೆ ಯುಎಸ್‌ಬಿ 3 ಪೋರ್ಟ್‌ಗೆ ಹಾಕೋ ಎಕ್ಸ್‌ಟರ್ನಲ್. 128 ಜಿಬಿದು ಧಾರಾಳ ಸಾಕು. ಹಾಕೋವಾಗ ಆಗೋದಾದ್ರೆ ವಿಂಡೋಸ್ ಡಿಸ್ಕ್‌ನ ಬಿಚ್ಚಿಡಿ, ಯಾಕಂದ್ರೆ ಉಬುಂಟು ಕುಟುಂಬದ ಇನ್‌ಸ್ಟಾಲರ್‌ಗಳಿಗೆ ಲಿನಕ್ಸ್‌ನ ಹೊಸ ಡಿಸ್ಕ್‌ಗೆ ಹಾಕಿದ್ರೂ ಬೂಟ್‌ಲೋಡರ್‌ನ (ಸಿಸ್ಟಮ್ ಶುರು ಮಾಡೋ ಸಣ್ಣ ಪ್ರೋಗ್ರಾಂ) ಹಳೇ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೆ ಹಾಕಿಬಿಡೋ ಚಾಳಿ ಇದೆ. ಬಿಚ್ಚೋಕೆ ಆಗಲ್ಲ ಅಂದ್ರೆ ಕೆಲವು ಬಯಾಸ್‌ಗಳಲ್ಲಿ ಆ ಡಿಸ್ಕ್‌ನ ತಾತ್ಕಾಲಿಕವಾಗಿ ಆಫ್ ಮಾಡೋ ಆಯ್ಕೆ ಇರತ್ತೆ.

ಪೂರ್ತಿ ಅಳಿಸಿ ಲಿನಕ್ಸ್ ಒಂದೇ ಹಾಕೋದು ಕೆಲಸದ ದೃಷ್ಟಿಯಿಂದ ಸುಲಭ, ಒಂದು ಬಟನ್ ಅಷ್ಟೇ. ಎರಡು ಷರತ್ತು ಹಾಕ್ತೀನಿ. ಫೈಲ್‌ಗಳ ಬ್ಯಾಕಪ್ ಬೇರೆ ಡ್ರೈವ್‌ನಲ್ಲಿದೆ ಅಂತ ಒಂದೆರಡು ಫೈಲ್ ತೆಗೆದು ನೋಡಿ ಖಾತ್ರಿ ಮಾಡ್ಕೊಳ್ಳಿ. ಮತ್ತೆ ವಿಂಡೋಸ್ ಇರೋವಾಗ್ಲೇ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಒಂದು ಮಾಡಿಟ್ಕೊಳ್ಳಿ, ಲೈಸೆನ್ಸ್ ಡಿಜಿಟಲ್ ಆಗಿ ಆ ಮೆಷಿನ್‌ಗೇ ಅಂಟ್ಕೊಂಡಿದ್ರೆ ವಾಪಸ್ ಹಾಕಿದಾಗ ತಾನೇ ಆಕ್ಟಿವೇಟ್ ಆಗತ್ತೆ. ಇದೇ ಪೆನ್‌ಡ್ರೈವ್‌ನ ಆಮೇಲೆ ಲಿನಕ್ಸ್‌ನಿಂದ ಮಾಡೋಕೆ ಹೊರಟ್ರೆ ಹೊಸಬರಿಗೆ ಸಾಕುಸಾಕಾಗತ್ತೆ.

ಈಗ ಡಿಸ್ಟ್ರೋಗಳು

ಲಿನಕ್ಸ್ ಮಿಂಟ್. ಮೊದಲ ಸಲ ಬರೋರಿಗೆ ನಾನು ಹೇಳೋದು ಇದನ್ನೇ. ಸಿನಮನ್ ಡೆಸ್ಕ್‌ಟಾಪ್ ವಿಂಡೋಸ್ 7 ನೋಡಿದೋರಿಗೆ ಪರಿಚಯ ಇದ್ದಂಗೇ ಇರತ್ತೆ, ಕೆಳಗೆ ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ. ಆದ್ರೂ ಬೇರೆಯವರ ಅಡುಗೆಮನೆಗೆ ಹೋದ್ರೆ ಸಕ್ಕರೆ ಡಬ್ಬ ಎಲ್ಲಿದೆ ಅಂತ ಮೊದಲ ವಾರ ತಡಕಾಡೋದು ಇದ್ದಿದ್ದೇ. ಡ್ರೈವರ್ ಮ್ಯಾನೇಜರ್ ಅಂತ ಒಂದು ಪ್ರೋಗ್ರಾಂ ಇದೆ, ಎನ್‌ವಿಡಿಯಾ ಕಾರ್ಡ್, ತಂಟೆ ಮಾಡೋ ಬ್ರಾಡ್‌ಕಾಮ್ ವೈಫೈ ಇವುಗಳಿಗೆ ಬೇಕಾದ್ದನ್ನ ಮೌಸ್‌ನಲ್ಲೇ ಹಾಕ್ಕೋಬಹುದು. ಟೈಮ್‌ಶಿಫ್ಟ್ ಜೊತೆಗೇ ಬರತ್ತೆ, ಒಂದ್ಸಲ ಸೆಟ್ ಮಾಡಿಟ್ರೆ ಸಿಸ್ಟಮ್‌ನ ಸ್ನ್ಯಾಪ್‌ಶಾಟ್ ತಗೀತಾ ಇರತ್ತೆ, ಅಪ್‌ಡೇಟ್‌ನಿಂದ ಏನಾದ್ರೂ ಎಡವಟ್ಟಾದ್ರೆ ನಿನ್ನೆಗೆ ವಾಪಸ್. (ನಿಮ್ಮ ಸ್ವಂತ ಫೈಲ್‌ಗಳ ಬ್ಯಾಕಪ್ ಅದು ಮಾಡಲ್ಲ, ಹಾಗಂದ್ಕೊಂಡು ಮೋಸ ಹೋಗ್ಬೇಡಿ.) 22ರ ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಇದೆ, ಹಾಗಾಗಿ ಉಬುಂಟುಗೆ ಬರೆದಿರೋ ಉತ್ತರಗಳಲ್ಲಿ ಬಹುಪಾಲು ಇಲ್ಲೂ ನಡೆಯತ್ತೆ. 4 ಜಿಬಿ ರ‍್ಯಾಮ್ ಇದ್ರೆ ನೆಮ್ಮದಿ. ಕೊರತೆ ಏನಂದ್ರೆ ಇದು ಹೊಸತನದ ಹಿಂದೆ ಓಡಲ್ಲ, ನಿನ್ನೆ ಮೊನ್ನೆ ಬಿಡುಗಡೆ ಆದ ಲ್ಯಾಪ್‌ಟಾಪ್ ತಗೊಂಡಿದ್ರೆ ಅದ್ರ ವೈಫೈ ಇಲ್ಲಾ ಗ್ರಾಫಿಕ್ಸ್‌ಗೆ ಇಲ್ಲಿರೋ ಕರ್ನೆಲ್ (ಹಾರ್ಡ್‌ವೇರ್ ನಡೆಸೋ ಲಿನಕ್ಸ್‌ನ ತಿರುಳು) ಹಳೇದಾಗಬಹುದು. ಬೇರೆ ಬೇರೆ ರೆಸಲ್ಯೂಷನ್‌ನ ಎರಡು ಮಾನಿಟರ್ ಇಟ್ಕೊಂಡಿರೋರಿಗೂ ಅಷ್ಟು ಖುಷಿ ಕೊಡಲ್ಲ.

ಉಬುಂಟು. 2004ರಿಂದ ಇದೆ, ಲಿನಕ್ಸ್‌ಗೆ ಅಂತ ಯಾವ ಕಂಪನಿ ಸಾಫ್ಟ್‌ವೇರ್ ಬಿಟ್ರೂ ಮೊದಲು ಹೆಸರಿಸೋದು ಇದನ್ನೇ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರೋ ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಇರೋ) ಆವೃತ್ತಿನೇ ತಗೊಳ್ಳಿ, ಐದು ವರ್ಷ ಅಪ್‌ಡೇಟ್ ಸಿಗತ್ತೆ, ಉಬುಂಟು ಪ್ರೋ ಅಂತ ಸ್ವಂತ ಬಳಕೆಗೆ ಐದು ಮೆಷಿನ್‌ವರೆಗೆ ಪುಕ್ಕಟೆ ಕೊಡ್ತಾರೆ, ಅದ್ರಲ್ಲಿ ಹತ್ತು ವರ್ಷ. ಮಧ್ಯೆ ಆರಾರು ತಿಂಗಳಿಗೆ ಬರೋ ಆವೃತ್ತಿಗಳಿಗೆ ಒಂಬತ್ತೇ ತಿಂಗಳು ಆಯಸ್ಸು, ಹೊಸಬರು ಆ ಕಡೆ ಹೋಗ್ಬೇಡಿ. ಡೆಸ್ಕ್‌ಟಾಪ್ ಹೆಸರು ನೋಮ್, ಎಡಗಡೆ ಡಾಕ್ (ಐಕಾನ್‌ಗಳ ಪಟ್ಟಿ), ವಿಂಡೋಸ್ ಥರದ ಸ್ಟಾರ್ಟ್ ಮೆನು ಇಲ್ಲ, ಕೆಲವರಿಗೆ ಎರಡೇ ದಿನದಲ್ಲಿ ಹಿಡಿಸತ್ತೆ, ಕೆಲವರಿಗೆ ಯಾವತ್ತೂ ಹಿಡಿಸಲ್ಲ. ಸ್ನ್ಯಾಪ್ ಅನ್ನೋ ಪ್ಯಾಕೇಜ್ ಪದ್ಧತಿ ಬಗ್ಗೆ ಹಳಬರು ಸಿಕ್ಕಾಪಟ್ಟೆ ಗೊಣಗ್ತಾರೆ, ಫೈರ್‌ಫಾಕ್ಸ್ ಮೊದಲ ಸಲ ತೆರೆಯೋಕೆ ಹೊತ್ತಾಗತ್ತೆ ಅಂತ, ಎಸ್‌ಎಸ್‌ಡಿ ಇದ್ರೆ ಅದು ಅಷ್ಟೇನೂ ಗೊತ್ತಾಗಲ್ಲ, ಹಳೇ ಹಾರ್ಡ್ ಡಿಸ್ಕ್ ಇದ್ರೆ ಗೊಣಗಾಟ ನ್ಯಾಯವೇ. 24.04ಕ್ಕೆ ಕನಿಷ್ಠ 4 ಜಿಬಿ ಅಂತಾರೆ, 8 ಇದ್ರೆ ಹಾಕಿ. ಇನ್‌ಸ್ಟಾಲ್ ಮಾಡೋವಾಗ ಥರ್ಡ್ ಪಾರ್ಟಿ ಡ್ರೈವರ್, ಮೀಡಿಯಾ ಫಾರ್ಮ್ಯಾಟ್ ಅಂತ ಎರಡು ಟಿಕ್ ಬಾಕ್ಸ್ ಬರತ್ತೆ, ಎರಡನ್ನೂ ಟಿಕ್ ಮಾಡಿ, ಆಮೇಲೆ ಒದ್ದಾಡೋದು ತಪ್ಪತ್ತೆ.

ಜೋರಿನ್ ಓಎಸ್. ಇದೂ ಉಬುಂಟು ಮೇಲೆ ಕಟ್ಟಿದ್ದೇ, 18ನೇ ಆವೃತ್ತಿ ವಿಂಡೋಸ್ 10ರ ಸಪೋರ್ಟ್ ಮುಗಿದ ದಿನವೇ ಬಿಡುಗಡೆ ಮಾಡಿದ್ರು, ಯಾರ ಮೇಲೆ ಕಣ್ಣು ಅಂತ ಅದ್ರಲ್ಲೇ ಗೊತ್ತಾಗತ್ತೆ. ವಿಂಡೋಸ್ ಥರ ಲೇಔಟ್ ಆರಿಸ್ಕೋಬಹುದು, ಇಎಕ್ಸ್‌ಇ ಫೈಲ್ ಡಬಲ್ ಕ್ಲಿಕ್ ಮಾಡಿದ್ರೆ ಎಷ್ಟೋ ಪ್ರೋಗ್ರಾಂಗಳಿಗೆ ಇದ್ರ ಬದಲು ಇದನ್ನ ಹಾಕ್ಕೊಳ್ಳಿ ಅಂತ ದಾರಿ ತೋರಿಸತ್ತೆ. ಕೋರ್ ಆವೃತ್ತಿ ಪುಕ್ಕಟೆ, ಪ್ರೋಗೆ ದುಡ್ಡು, ಆ ದುಡ್ಡಿಗೆ ಸಿಗೋದು ಹೆಚ್ಚಿನ ಲೇಔಟ್‌ಗಳು ಮತ್ತೆ ಮೊದಲೇ ಹಾಕಿಟ್ಟ ಪುಕ್ಕಟೆ ಪ್ರೋಗ್ರಾಂಗಳು, ಹೊಸಬರಿಗೆ ಕೋರ್ ಸಾಕು. ಮನೆಯಲ್ಲಿ ವಯಸ್ಸಾದೋರ ಮೆಷಿನ್‌ಗೆ ಹಾಕೋಕೆ ನಾನು ಮಿಂಟ್‌ಗಿಂತ ಇದನ್ನೇ ಮೇಲಿಡ್ತೀನಿ, ಮಿಂಟ್‌ನಷ್ಟು ಬಳಗ ಮಾತ್ರ ಇದಕ್ಕಿಲ್ಲ.

ಫೆಡೋರಾ ಒಳ್ಳೇದು, ಶುದ್ಧವಾಗಿ ಕಟ್ಟಿರೋದು, ಹೊಸ ಹಾರ್ಡ್‌ವೇರ್‌ಗೆ ಬೇಗ ಹೊಂದ್ಕೊಳ್ಳತ್ತೆ. ಆದ್ರೆ ಆರು ತಿಂಗಳಿಗೊಂದು ಆವೃತ್ತಿ, ಒಂದೊಂದಕ್ಕೂ ಸುಮಾರು 13 ತಿಂಗಳು ಸಪೋರ್ಟ್, ಅಂದ್ರೆ ವರ್ಷಕ್ಕೊಮ್ಮೆಯಾದ್ರೂ ದೊಡ್ಡ ಅಪ್‌ಗ್ರೇಡ್ ಖಾಯಂ. ಪೇಟೆಂಟ್ ಕಾರಣಕ್ಕೆ ಕೆಲವು ವಿಡಿಯೋ ಕೋಡೆಕ್ (ವಿಡಿಯೋ ಓಡೋಕೆ ಬೇಕಾದ ಭಾಗ) ಜೊತೆಗೆ ಕೊಡಲ್ಲ, ಆರ್‌ಪಿಎಂ ಫ್ಯೂಷನ್ ಅನ್ನೋ ಹೊರಗಿನ ಭಂಡಾರ ಸೇರಿಸ್ಕೊಂಡು ಟರ್ಮಿನಲ್‌ನಲ್ಲಿ ನಾಲ್ಕು ಸಾಲು ಬರೀಬೇಕಾಗತ್ತೆ. ಕಂಪ್ಯೂಟರ್ ಕೆಲಸನೇ ವೃತ್ತಿ ಮಾಡ್ಕೊಳ್ಳೋರಿಗೆ, ಹೊಸ ಲ್ಯಾಪ್‌ಟಾಪ್‌ನಲ್ಲಿ ಮಿಂಟ್ ತಂಟೆ ಮಾಡಿದೋರಿಗೆ ಇದು ಸರಿ. ವಿಂಡೋಸ್ ಥರ ಬೇಕು ಅಂದ್ರೆ ಇದ್ರದೇ ಕೆಡಿಇ ಡೆಸ್ಕ್‌ಟಾಪ್ ಇರೋ ಆವೃತ್ತಿ ಇದೆ.

ಡೆಬಿಯನ್‌ನ ಗಟ್ಟಿತನದ ಬಗ್ಗೆ ಎರಡು ಮಾತಿಲ್ಲ, 1993ರಿಂದ ನಡೀತಾ ಇದೆ, 12ನೇ ಆವೃತ್ತಿಯಿಂದ ವೈಫೈ ಫರ್ಮ್‌ವೇರ್ ಕೂಡ ಇನ್‌ಸ್ಟಾಲರ್‌ನಲ್ಲೇ ಬರತ್ತೆ. ಆದ್ರೆ ಇನ್‌ಸ್ಟಾಲರ್ ಹೊಸಬರ ಮುಖ ನೋಡಿ ಮಾತಾಡಲ್ಲ, ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೇಳಿದಾಗ ಕೊಟ್ಟರೆ ಆಮೇಲೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸೋ ಕಮಾಂಡ್) ಕೆಲಸ ಮಾಡಲ್ಲ, ಅದನ್ನ ಖಾಲಿ ಬಿಡ್ಬೇಕು ಅನ್ನೋದು ಮೊದಲ ಸಲ ಹಾಕೋರಿಗೆ ಹೇಗೆ ಗೊತ್ತಾಗ್ಬೇಕು? ಎರಡನೇ ಡಿಸ್ಟ್ರೋ ಆಗಿ ಹಾಕಿ.

ಆರ್ಚ್, ಜೆಂಟೂ ಬೇಡ. ಒಂದಿನ ಹೋಗೋರು ಹೋಗ್ತಾರೆ, ಯಾರೂ ತಡೆಯೋಕಾಗಲ್ಲ.

ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಬಗ್ಗೆನೂ ಹೇಳ್ಬೇಕು. ಬರೀ ಬ್ರೌಸರ್, ಮೇಲ್, ವಿಡಿಯೋ ಅಷ್ಟೇ ಅನ್ನೋರಿಗೆ ಇದು ಪುಕ್ಕಟೆ, ನಿರ್ವಹಣೆ ಹೆಚ್ಚುಕಮ್ಮಿ ಸೊನ್ನೆ. ಗೂಗಲ್ ಅಕೌಂಟ್ ಇಲ್ದೇ ಹೆಚ್ಚು ಉಪಯೋಗ ಇಲ್ಲ, ಆಂಡ್ರಾಯ್ಡ್ ಆಪ್ ಇದ್ರಲ್ಲಿ ಓಡಲ್ಲ, ಇಂಟರ್ನೆಟ್ ಹೋದ್ರೆ ಮಾಡೋಕೆ ಹೆಚ್ಚೇನೂ ಇರಲ್ಲ.

ತೀರಾ ಹಳೇ ಮೆಷಿನ್ ಇದ್ರೆ

2 ಜಿಬಿ ರ‍್ಯಾಮ್‌ದು ಇದೆ, ಯಾವ ಹಗುರ ಲಿನಕ್ಸ್ ಹಾಕಿದ್ರೆ ಹಾರತ್ತೆ ಅಂತ ಕೇಳ್ತಾರೆ. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಎಂಎಕ್ಸ್ ಲಿನಕ್ಸ್, ಇನ್ನೂ ಹಳೇದಕ್ಕೆ ಆಂಟಿಎಕ್ಸ್ ಇವೆ, ಸಿಸ್ಟಮ್ ಏನೋ ಚಕ್ಕಂತ ಏಳತ್ತೆ. ಆದ್ರೆ ಬ್ರೌಸರ್ ತೆಗೆದು ನಾಲ್ಕು ಟ್ಯಾಬ್ ಹಾಕಿದ ತಕ್ಷಣ ಅದೇ ಕಥೆ, ಯಾಕಂದ್ರೆ ಇವತ್ತಿನ ವೆಬ್‌ಸೈಟ್‌ಗಳೇ ರ‍್ಯಾಮ್ ನುಂಗೋದು, ಅದಕ್ಕೆ ಯಾವ ಡಿಸ್ಟ್ರೋನೂ ಮದ್ದಲ್ಲ. ರ‍್ಯಾಮ್ ಸೇರಿಸೋಕೆ ಜಾಗ ಇದ್ರೆ ಸೇರಿಸಿ, ಹಾರ್ಡ್ ಡಿಸ್ಕ್ ತೆಗೆದು ಚಿಕ್ಕ ಎಸ್‌ಎಸ್‌ಡಿ ಹಾಕಿ, ಇಡೀ ಬಜೆಟ್ ಅಲ್ಲಿಗೇ ಹೋಗ್ಲಿ, ಲಿನಕ್ಸ್ ಹೇಗೂ ಪುಕ್ಕಟೆ. 32 ಬಿಟ್ ಪ್ರೊಸೆಸರ್ ಆದ್ರೆ ಆಯ್ಕೆಗಳು ಮುಚ್ಚಿಹೋಗ್ತಾ ಇವೆ, ಉಬುಂಟು, ಮಿಂಟ್ ಯಾವತ್ತೋ ಬಿಟ್ಟಾಯ್ತು, ಡೆಬಿಯನ್ 13ಕ್ಕೂ 32 ಬಿಟ್ ಇನ್‌ಸ್ಟಾಲರ್ ಇಲ್ಲ.

ಹಾಗಾದ್ರೆ ಯಾರಿಗೆ ಯಾವುದು

ನಾಲ್ಕೈದು ವರ್ಷ ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಬ್ರೌಸರ್ ಮತ್ತೆ ಆಫೀಸ್ ಕೆಲಸ, ದುಡ್ಡು ಖರ್ಚು ಮಾಡೋಕೆ ಇಷ್ಟ ಇಲ್ಲ ಅಂದ್ರೆ ಮಿಂಟ್ ಸಿನಮನ್, ಮೊದಲು ಲೈವ್‌ನಲ್ಲಿ ಎರಡು ದಿನ ನೋಡಿ, ಬ್ಯಾಕಪ್ ಮಾಡಿ, ಪೂರ್ತಿ ಅಳಿಸಿ ಹಾಕಿ. ಕಾಲೇಜ್ ಹುಡುಗ್ರು, ವಿಂಡೋಸ್ ಬಿಡೋಕಾಗಲ್ಲ, ಕಮಾಂಡ್ ಕಲೀಬೇಕು ಅಂದ್ರೆ ಡಬ್ಲ್ಯುಎಸ್‌ಎಲ್, ಡೆಸ್ಕ್‌ಟಾಪೂ ನೋಡೋಣ ಅಂದ್ರೆ ವರ್ಚುವಲ್ ಬಾಕ್ಸ್‌ನಲ್ಲಿ ಉಬುಂಟು. ಗೇಮೂ ಬೇಕು ಲಿನಕ್ಸೂ ಬೇಕು ಅನ್ನೋರು ಎರಡನೇ ಎಸ್‌ಎಸ್‌ಡಿಗೆ ದುಡ್ಡು ಹಾಕಿ. ಹೊಚ್ಚಹೊಸ ಲ್ಯಾಪ್‌ಟಾಪ್ ಆದ್ರೆ ಉಬುಂಟು ಲೈವ್ ಹಾಕಿ ನೋಡಿ, ಏನಾದ್ರೂ ಕೆಲಸ ಮಾಡ್ತಿಲ್ಲ ಅಂದ್ರೆ ಫೆಡೋರಾ. ಅಪ್ಪ ಅಮ್ಮನ ಮೆಷಿನ್ ಆದ್ರೆ ಜೋರಿನ್, ಆದ್ರೆ ಅವರಿಗೆ ಕಷ್ಟ ಬಂದಾಗ ಫೋನ್ ಎತ್ತೋದು ನೀವೇ ಅನ್ನೋದು ನೆನಪಿರ್ಲಿ, ಹಾಗಾಗಿ ನೀವು ಬಳಸ್ತಿರೋದು ಮಿಂಟ್ ಆದ್ರೆ ಅವರಿಗೂ ಮಿಂಟೇ ಹಾಕಿ. ಪಕ್ಕದಲ್ಲಿ ಕೂತು ಸಹಾಯ ಮಾಡೋ ಗೆಳೆಯ ಒಬ್ಬ ಇದ್ರೆ ಅವನು ಯಾವುದು ಬಳಸ್ತಾನೋ ಅದೇ ಹಾಕ್ಕೊಳ್ಳಿ, ಮೇಲೆ ಹೇಳಿದ್ದೆಲ್ಲಾ ಮರೆತರೂ ನಡೆಯತ್ತೆ.

ಇನ್ನೂ ತೀರ್ಮಾನ ಆಗ್ಲಿಲ್ಲ ಅನ್ನೋರಿಗೆ ಕಾಯೋದೂ ಒಂದು ಆಯ್ಕೆ. ವಿಂಡೋಸ್ 10ಕ್ಕೆ ಸ್ವಂತ ಬಳಕೆಯೋರಿಗೆ ಇಎಸ್‌ಯು ಅಂತ 2026ರ ಅಕ್ಟೋಬರ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸೌಲಭ್ಯ ಇಟ್ಟಿದಾರೆ, ಅದಕ್ಕೆ ಸೇರ್ಕೊಂಡ್ರೆ ನಿಧಾನಕ್ಕೆ ಕಲಿಯೋಕೆ ಸಮಯ ಸಿಗತ್ತೆ.

ಹಾಕಿದ ಮೇಲೆ ಮೊದಲ ವಾರ ಎಲ್ಲಿ ಎಡವ್ತಾರೆ

ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಕೇಳತ್ತೆ, ಟೈಪ್ ಮಾಡಿದ್ರೆ ಚುಕ್ಕಿನೂ ಬರಲ್ಲ ನಕ್ಷತ್ರನೂ ಬರಲ್ಲ, ಕೀಬೋರ್ಡ್ ಕೆಟ್ಟಿದೆ ಅನ್ಕೊಂಡು ಮುಚ್ಚಿಬಿಡ್ತಾರೆ. ಬಹಳ ಡಿಸ್ಟ್ರೋಗಳಲ್ಲಿ ಅದು ಹಾಗೇ ಇರೋದು, ಕಾಣದೇ ಇದ್ರೂ ಟೈಪ್ ಆಗ್ತಿರತ್ತೆ, ಪೂರ್ತಿ ಹೊಡೆದು ಎಂಟರ್ ಒತ್ತಿ.

ವಿಂಡೋಸ್ ಅಭ್ಯಾಸದಲ್ಲಿ ವೆಬ್‌ಸೈಟ್‌ಗೆ ಹೋಗಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡ್ತಾರೆ. ಮೊದಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಹುಡುಕಿ, ಅಲ್ಲಿ ಸಿಕ್ಕಿದ್ರೆ ಅಪ್‌ಡೇಟೂ ತಾನಾಗೇ ಬರತ್ತೆ.

ಎನ್‌ವಿಡಿಯಾ ಕಾರ್ಡ್ ಇದ್ದು ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯೋ ಸೆಟ್ಟಿಂಗ್) ಆನ್ ಇದ್ರೆ ಡ್ರೈವರ್ ಹಾಕೋವಾಗ ಒಂದು ಪಾಸ್‌ವರ್ಡ್ ಸೃಷ್ಟಿಸು ಅನ್ನತ್ತೆ, ರೀಸ್ಟಾರ್ಟ್ ಆದಾಗ ನೀಲಿ ಪುಟ ಬಂದು ಎನ್‌ರೋಲ್ ಎಂಒಕೆ ಅಂತ ಕೇಳತ್ತೆ. ಅದೇನೋ ಎರರ್ ಅಂತ ಜನ ಮುಂದೆ ಹೋಗಿಬಿಡ್ತಾರೆ, ಆಗ ಡ್ರೈವರ್ ಲೋಡ್ ಆಗಲ್ಲ. ಆ ಪುಟದಲ್ಲಿ ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಕೊಡ್ಬೇಕು.

ವೈಫೈ ಸಿಗ್ಲೇ ಇಲ್ಲ ಅಂದ್ರೆ ಆಂಡ್ರಾಯ್ಡ್ ಫೋನ್‌ನ ಕೇಬಲ್‌ನಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸಾಮಾನ್ಯವಾಗಿ ತಕ್ಷಣ ನೆಟ್ ಬರತ್ತೆ, ಆ ನೆಟ್‌ನಲ್ಲೇ ಡ್ರೈವರ್ ಹಾಕ್ಕೊಳ್ಳಿ.

ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದ್ರೆ ಇನ್‌ಸ್ಕ್ರಿಪ್ಟೂ ಇದೆ, ಕಗಪನೂ ಇದೆ, ನುಡಿ ಕೈಗೆ ಕೂತಿರೋರು ಕಗಪ ಆರಿಸ್ಕೊಳ್ಳಿ.

ಇನ್ನು ಎಲ್ಲೋ ಸಿಕ್ಕ ಕಮಾಂಡ್‌ನ ಅರ್ಥ ಗೊತ್ತಿಲ್ದೇ ಅಂಟಿಸ್ಬೇಡಿ, ಅದ್ರಲ್ಲೂ ಸುಡೋ ಅಂತ ಶುರುವಾಗಿ ಆರ್‌ಎಂ ಅಂತ ಇದ್ರೆ ಅದು ಅಳಿಸೋ ಕಮಾಂಡ್, ಕೇಳದೇ ಅಳಿಸತ್ತೆ. ಸಹಾಯ ಕೇಳೋವಾಗ "ನನ್ನ ಲಿನಕ್ಸ್ ಓಡ್ತಿಲ್ಲ" ಅಂತ ಬರೆದ್ರೆ ಯಾರೂ ಉತ್ತರ ಕೊಡೋಕಾಗಲ್ಲ. ಡಿಸ್ಟ್ರೋ ಹೆಸರು, ಆವೃತ್ತಿ, ಲ್ಯಾಪ್‌ಟಾಪ್ ಮಾಡೆಲ್, ಏನು ಮಾಡೋಕೆ ಹೋದ್ರಿ, ಏನು ಮೆಸೇಜ್ ಬಂತು ಅನ್ನೋದು ಅಕ್ಷರ ಬಿಡದೇ, ಇಷ್ಟು ಹಾಕಿ. ಮಿಂಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಅನ್ನೋ ಪ್ರೋಗ್ರಾಂ ತೆಗೆದ್ರೆ ಹಾರ್ಡ್‌ವೇರ್ ವಿವರ ಎಲ್ಲಾ ಒಂದೇ ಕಡೆ ಕಾಪಿ ಆಗತ್ತೆ, ಅದನ್ನ ಹಾಗೇ ಅಂಟಿಸಿ.